ಬೂಟು ಹಾಕಿಕೊಂಡ ಮೊಸಳೆ

ಹೋದ ವಾರ ನಾನೊಂದು ಸಿನಿಮಾ ಕೇಳಿದೆ. ನೋಡಲಿಲ್ಲ, ಕೇಳಿದೆ.

ಬಾಗಿಲು ಮುಚ್ಚಿದ ಕೋಣೆಯೊಳಗೆ ಒಂದು ಮೊಸಳೆ ಗರ್ಜಿಸುತ್ತಿತ್ತು. (ಮೊಸಳೆ ಗರ್ಜಿಸುತ್ತದೆಯೇ ಎಂದು ಕೇಳಬೇಡಿ. ಈ ಮೊಸಳೆಯ ತಲೆಯ ಮೇಲೆ ಹುಂಜದ ಜುಟ್ಟೂ ಇದೆ.) ಯಾರೋ ಹೆಂಗಸು "ಅಯ್ಯೋ, ದಯವಿಟ್ಟು ನನ್ನನ್ನು ತಿನ್ನಬೇಡ" ಎಂದು ಪಠ್ಯಪುಸ್ತಕದ ಕನ್ನಡದಲ್ಲಿ ಬೇಡಿಕೊಳ್ಳುತ್ತಿದ್ದಳು. ಹೊರಗೆ ಪಡಸಾಲೆಯಲ್ಲಿ ನಾವು ನಾಲ್ಕು ಜನ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಖಾಲಿ ಹೊಟ್ಟೆಯಲ್ಲಿ ಗೋಡೆಗೆ ಒರಗಿ ಕೂತಿದ್ದೆವು.

ಕೋಣೆಯೊಳಗೆ ಯಾರೂ ಇರಲಿಲ್ಲ. ಅಥವಾ, ನಮ್ಮ ಮನೆತನದ ಸತ್ತವರೆಲ್ಲ ಇದ್ದರು.

ಮಹಾನವಮಿ ಅಮಾವಾಸ್ಯೆಗೆ ನಮ್ಮ ಕಡೆ ಹಿರಿಯರಿಗೆ ಎಡೆ ಹಿಡಿಯುವುದು ನಿಮಗೆ ಗೊತ್ತಿರುವುದೇ. ದೇವರ ಜಗಲಿಯ ಮುಂದೆ ಹೊಸ ಧೋತರ, ಸೀರೆ, ಕುಪ್ಪಸ ಮಡಿಚಿಡುತ್ತಾರೆ. ಬಾಳೆಲೆಯಲ್ಲಿ ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಎಣ್ಣೆಗಾಯಿ, ಭಜಿ ಬಡಿಸಿ ಊದುಬತ್ತಿ ಹಚ್ಚುತ್ತಾರೆ. ಆಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬರಬೇಕು. ಹಿರಿಯರು ಬಂದು ಉಣ್ಣುವಾಗ ಬದುಕಿದ್ದವರು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು ಮನೆಯ ಹಿರಿಯ ಒಮ್ಮೆ ಕೆಮ್ಮಿ, ಬಾಗಿಲು ತೆರೆಯುತ್ತಾನೆ. ಅಲ್ಲಿಂದ ಮುಂದೆ ನಮ್ಮ ಊಟ.

ಎಡೆಯಲ್ಲಿ ಅಡುಗೆಯೊಂದೇ ಇರುವುದಿಲ್ಲ. ಸತ್ತವರಿಗೆ ಬದುಕಿದ್ದಾಗ ಏನು ಪ್ರೀತಿಯೋ ಅದನ್ನೂ ಇಡಬೇಕು. ನಮ್ಮ ಅಜ್ಜಿಗೆ ತಂಬಾಕಿನ ಪುಡಿ. ಅಜ್ಜನಿಗೆ ಇಸ್ಪೀಟು. (ಅಜ್ಜ ಒಬ್ಬನೇ ಹೇಗೆ ಆಡುತ್ತಾನೆ ಎಂದು ಚಿಕ್ಕವಳಿದ್ದಾಗ ಕೇಳಿ ಬೈಸಿಕೊಂಡಿದ್ದೇನೆ.)

ಈ ಸಲ ಹಿರಿಯರ ಸಾಲಿಗೆ ಹೊಸಬನೊಬ್ಬ ಸೇರಿದ್ದ. ನಮ್ಮಪ್ಪನ ತಮ್ಮ, ದೇವಿಕೊಪ್ಪದ ಶಿವಪ್ಪ ಕಾಕಾ. ತೀರಿಕೊಂಡು ವರ್ಷ ತುಂಬಿತ್ತು. ಹಾಗಾಗಿ ಎಡೆ ಈ ಬಾರಿ ಅವನ ಮನೆಯಲ್ಲೇ. ಕಾಕಾ ಲೈನ್‌ಮನ್ ಆಗಿದ್ದವನು. ಕಲಘಟಗಿ ಕಡೆಯ ಅಡವಿ ಅಂಚಿನ ಹಳ್ಳಿಗಳು ಅವನ ಪಾಲಿಗೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿತ್ತೆಂದು ಫೋನ್ ಬಂದರೆ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಬಿಟ್ಟು ಏಳುತ್ತಿದ್ದ. ಹಾಗೆ ಬದುಕಿ, ಸುರಕ್ಷಿತವಾಗಿ ರಿಟೈರ್ ಆಗಿ, ಕೊನೆಗೆ ಒಂದು ಮಧ್ಯಾಹ್ನ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ ಹೋಗಿಬಿಟ್ಟ. ಬಾಜೂಕ್ಕೆ ಕೂತು ಪೇಪರ್ ತಿದ್ದುತ್ತಿದ್ದ ಮಗಳು ಸುಮಾಳಿಗೂ ಗೊತ್ತಾಗಲಿಲ್ಲ.

ಅವನಿಗೆ ಏನು ಪ್ರೀತಿ? ಎಡೆಯಲ್ಲಿ ಏನಿಡುವುದು?

"ರಾಕ್ಷಸರ ಪಿಕ್ಚರ್ ಹಚ್ಚೂಣು," ಅಂದಳು ಗಿರಿಜಾ ಕಾಕು, ಅವನ ಹೆಂಡತಿ. ತಮಾಷೆಯ ದನಿಯಲ್ಲ. ಎಣ್ಣೆಗಾಯಿಗೆ ಉಪ್ಪು ಹಾಕಬೇಕು ಅನ್ನುವ ದನಿ.

ಕುಬಿಹಾಳದಿಂದ ಬೆಳಗ್ಗೆಯೇ ಬಂದಿದ್ದ ದೊಡ್ಡಪ್ಪ ಊದುಬತ್ತಿ ಹಿಡಿದವನು ಹಾಗೇ ನಿಂತ. ದೊಡ್ಡಪ್ಪ ಈಗ ನಮ್ಮ ಮನೆತನಕ್ಕೆ ಹಿರಿಯ. ಹೊಲದಲ್ಲಿ ಸಾಲು ಸೊಟ್ಟ ಬಿದ್ದರೂ ಸಹಿಸದ ಮನುಷ್ಯ.

"ಗಿರಿಜಾ, ತಲಿ ಸುದ್ದ ಐತಿಲ್ಲೋ ನಿಂದು? ಹಿರ್ಯಾರು ಬರೂ ಹೊತ್ತಿನ್ಯಾಗ ರಾಕ್ಷಸನ್ನ ಒದರಸ್ತಿ?"

"ಮಾವನಾರಿಗೆ ವರ್ಷಾ ಇಸ್ಪೀಟ ಇಡ್ತೀರಲ್ರಿ ಭಾವಾರ. ಅದೇನ ದೇವರ ಪ್ರಸಾದ ಏನ್ರಿ?"

"ಇಸ್ಪೀಟ ಇಟ್ಟಲ್ಲೆ ಸುಮ್ನ ಕುಂದರತಾವು. ಒದರಂಗಿಲ್ಲ."

ಅವನ ಮಾತಿನಲ್ಲೂ ಅರ್ಥವಿತ್ತು. ಎಡೆಗೆ ಬರುವವನು ಕಾಕಾ ಒಬ್ಬನೇ ಅಲ್ಲ. "ಅವ್ವನೂ ಬರ್ತಾಳ. ಆಕಿ ಗ್ವಾಡಿ ಮ್ಯಾಲಿನ ಹಲ್ಲಿಗೆ ಅಂಜತಿದ್ಲು. ಅಂಥಾಕಿ ಮುಂದ ಮಸಳಿ ತಂದ ನಿಲ್ಲಸ್ತೀರೇನು?" ಎಂದು ಕೇಳಿ ದೊಡ್ಡಪ್ಪ ನನ್ನ ಕಡೆ ತಿರುಗಿದ. "ನೀ ಪೇಪರಿಗೆ ಬರಿಯಾಕಿ ಅದಿ. ನೀನ ಹೇಳ ಬೇ."

ಪೇಪರಿಗೆ ಬರೆಯುವವರಿಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯ ಇರುತ್ತದೆಂದು ಜನ ನಂಬುತ್ತಾರೆ. ನಾನು ಸುಮಾಳನ್ನು ನೋಡಿದೆ, ಅವಳು ಟಿವಿಯನ್ನು ನೋಡುತ್ತಿದ್ದಳು. ಜಗಲಿ ಇರುವ ಕೋಣೆಯಲ್ಲೇ ಟಿವಿಯೂ ಇದೆ, ಒಂದು ಗೋಡೆಗೆ ದೇವರು, ಎದುರು ಗೋಡೆಗೆ ಇದು. ಕಾಕಾನ ಹಳೆಯ ಪೆನ್‌ಡ್ರೈವ್ ಓಡದ್ದರಿಂದ ಹಿಂದಿನ ದಿನವೇ ಹುಡುಕಿ, ಆನ್‌ಲೈನಿನಲ್ಲಿ ಆ ಮೊಸಳೆ ಸಿನಿಮಾ ಹಿಡಿದಿಟ್ಟಿದ್ದಳು ಆಕೆ. ತಾಯಿ ಮಗಳು ಮೊದಲೇ ಮಾತಾಡಿಕೊಂಡಿದ್ದರು ಎಂದು ನನಗೆ ಆಗ ಗೊತ್ತಾಯಿತು.

ಕಾಕು ದನಿ ಏರಿಸಲಿಲ್ಲ. "ಹೋಳಿಗಿ ಇಟ್ಟೀವಿ. ಸಕ್ಕರಿ ಬ್ಯಾನಿ ಬಂದ ಮ್ಯಾಲ ಅವರು ಹೋಳಿಗಿ ಮುಟ್ಟಲಿಲ್ಲ. ಧೋತರ ಇಟ್ಟೀವಿ. ಅವರು ಜನ್ಮದಾಗ ಧೋತರ ಉಡಲಿಲ್ಲ, ಪ್ಯಾಂಟ್ ಹಾಕ್ಕೊಂಡ ಕಂಬಾ ಹತ್ತಿದವರು. ಎಲ್ಲಾ ನಮ್ಮ ಪ್ರೀತೀದ ಆತು. ಅವರದು ಒಂದರೆ ಇರ್ಲಿ."

ದೊಡ್ಡಪ್ಪ ಊದುಬತ್ತಿ ಚುಚ್ಚಿ ಎದ್ದ. "ಆವಾಜ ಸಣ್ಣಂದ ಇಡ್ರಿ," ಅಂದು ಹೊರಗೆ ಬಂದ.

ಹೀಗೆ ನಾವು ಮುಚ್ಚಿದ ಬಾಗಿಲಿನ ಈಚೆ ಕೂತೆವು.

ಈ ಜಾತಿಯ ಸಿನಿಮಾ ನಿಮಗೆ ಗೊತ್ತು. ಯಾವುದೋ ದೇಶದ್ದು, ಯಾವುದೋ ಭಾಷೆಯದು, ನಮ್ಮ ಭಾಷೆಗೆ ಡಬ್ ಆಗಿ ಭಾನುವಾರ ಮಧ್ಯಾಹ್ನ ಕೇಬಲ್ಲಿನಲ್ಲಿ ಬರುತ್ತಿತ್ತು. ಕೆರೆಯಿಂದ ಒಂದು ರಾಕ್ಷಸ ಏಳುತ್ತದೆ. ಹೊಟ್ಟೆ ರಬ್ಬರಿನದು, ಕಣ್ಣು ಕಾರಿನ ಹೆಡ್‌ಲೈಟು. ದಪ್ಪ ಪೊಲೀಸನೊಬ್ಬ ಬಂದೂಕು ತಿರುಗುಮುರುಗಾಗಿ ಹಿಡಿದು ಅದರ ಬೆನ್ನು ಹತ್ತುತ್ತಾನೆ. ಹೆದರಬೇಕೋ ನಗಬೇಕೋ ಎಂದು ಸಿನಿಮಾ ತೆಗೆದವರಿಗೇ ಕೊನೆಯವರೆಗೆ ನಿರ್ಧಾರವಾಗಿರುವುದಿಲ್ಲ.

ಓದಿದವರ ಮನೆಯಲ್ಲಿ ಇಂಥವನ್ನು ನೋಡುವುದಿಲ್ಲ. ನೋಡಿದರೂ ಹೇಳುವುದಿಲ್ಲ. ನಾವು ಗಂಭೀರ ಸಿನಿಮಾ ನೋಡುತ್ತೇವೆ. ಅದರಲ್ಲಿ ಒಬ್ಬ ಕಿಟಕಿಯ ಹತ್ತಿರ ಬಹಳ ಹೊತ್ತು ನಿಲ್ಲುತ್ತಾನೆ. (ನನಗೂ ಇಷ್ಟವೇ. ಆದರೆ ಮೊಸಳೆ ಬಂದಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದುಂಟು.)

ಕಾಕಾನಿಗೆ ಈ ನಾಚಿಕೆ ಇರಲಿಲ್ಲ. ಅಣ್ಣಿಗೇರಿಯಿಂದ ನಾನು ರಜೆಗೆ ಬಂದರೆ ಹಿಡಿದು ಕೂರಿಸುತ್ತಿದ್ದ. ಮೊಸಳೆ ಪೇಟೆಯಲ್ಲಿ ಓಡುವ ಒಂದು ಸೀನ್ ಇದೆ. ಅಲ್ಲಿ, ಒಂದೇ ಕ್ಷಣ, ರಬ್ಬರಿನ ಪಾದ ಮೇಲೆದ್ದು ಒಳಗಿನ ಬಿಳಿ ಕ್ಯಾನ್ವಾಸ್ ಬೂಟು ಕಾಣುತ್ತದೆ. ಕಾಕಾ ಆ ಕ್ಷಣಕ್ಕಾಗಿ ಸಿನಿಮಾ ಪೂರ್ತಿ ಕಾಯುತ್ತಿದ್ದ. ಬಂದ ಕೂಡಲೇ ತೊಡೆ ತಟ್ಟಿಕೊಂಡು ನಗುತ್ತಿದ್ದ. ಎಷ್ಟು ಸಲ ನೋಡಿದರೂ ಅದೇ ನಗು, ಕೊನೆಗೆ ಉಸಿರು ಸಿಕ್ಕದೆ ಸಣ್ಣಗೆ ಸೀಟಿ ಹೊಡೆದಂತಾಗಿ ನಿಲ್ಲುವ ನಗು.

"ಅದರೊಳಗ ಒಬ್ಬ ಮನಿಷಾ ಅದಾನ ನೋಡವಾ," ಅನ್ನುತ್ತಿದ್ದ. "ಹೊಟ್ಟಿಪಾಡಿಗೆ ಒದರಾಕತ್ತಾನ. ಮುಂಜಾನೆ ಎದ್ದ ಬೂಟಿನ ಲಾಡಿ ಕಟ್ಟಿಕೊಂಡ ಬಂದಾನ. ಒಳಗ ಎಷ್ಟ ಸೆಕಿ ಆಗತಿರಬೇಕು ಅವಗ."

ಇನ್ನೊಂದು ಮಾತನ್ನೂ ಹೇಳುತ್ತಿದ್ದ. "ಈ ಮಸಳಿ ಮರ್ಯಾದಸ್ಥ ಐತಿ. ಬರೂ ಮುಂದ ಬಾಜಾ ಬಾರಿಸಿಕೊಂತ ಬರ್ತೈತಿ."

ನಾನು ಅದನ್ನು ಜೋಕು ಅಂದುಕೊಂಡು ನಗುತ್ತಿದ್ದೆ.

ಪಡಸಾಲೆಯಲ್ಲಿ ಹೊತ್ತು ಏರುತ್ತಿತ್ತು. ಸಾಮಾನ್ಯವಾಗಿ ಎಡೆ ಹಿಡಿದು ಇಷ್ಟು ಹೊತ್ತು ಯಾರೂ ಕಾಯುವುದಿಲ್ಲ. ದೊಡ್ಡಪ್ಪ ಕೆಮ್ಮಲು ಗಂಟಲು ಸರಿಮಾಡಿಕೊಂಡ. ಕಾಕು ಕೈ ಅಡ್ಡ ಮಾಡಿದಳು.

"ಇನ್ನ ಇಲ್ರಿ. ಈಗ ಪೊಲೀಸ ಕೆಸರಾಗ ಬಿದ್ದಾನ. ಬೂಟ ಕಾಣಾಕ ಇನ್ನ ಹೊತ್ತ ಐತಿ."

ನಾನು ಚಕಿತಳಾದೆ. ಕಾಕು ಆ ಸಿನಿಮಾ ಒಂದು ಸಲವೂ ನೋಡಿದವಳಲ್ಲ. ಕಾಕಾ ಟಿವಿ ಹಚ್ಚಿದ ಕೂಡಲೇ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು, ಅದು ನನಗೂ ನೆನಪಿದೆ. ಈಗ ಬರೀ ಆವಾಜಿನ ಮೇಲೆ, ಎಲ್ಲಿ ಯಾರು ಬಿದ್ದರು, ಯಾರನ್ನು ನುಂಗಿತು ಎಂದು ಹೇಳುತ್ತಿದ್ದಾಳೆ.

"ಹಿರ್ಯಾರಿಗೆ ಉಣ್ಣಾಕ ಎಷ್ಟೊತ್ತ ಬೇಕವಾ?" ಎಂದ ದೊಡ್ಡಪ್ಪ. ಹಸಿವಾಗಿತ್ತು ಅವನಿಗೆ. "ಶಿವ್ಯಾ ಮೊದಲಿಂದ ಹುಚ್ಚ. ಮನಿಷಾ ದೊಡ್ಡಾವ ಆದ, ಬುದ್ಧಿ ದೊಡ್ಡದ ಆಗಲಿಲ್ಲ."

ಕಾಕು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ಹೇಳಿದಳು. ಅವಳು ಹೇಳಿದ್ದನ್ನು ಸುಮಾಳೂ ಮೊದಲು ಕೇಳಿರಲಿಲ್ಲ ಎಂದು ಮಗಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಫಕ್ಕೀರಪ್ಪ ಅಂತ ಇದ್ದ, ಇವರ ಜೋಡಿ ಕೆಲಸಾ ಮಾಡಾವ. ಮಳ್ಯಾಗ ಒಂದ ಊರಿಗೆ ಹೋಗಿದ್ರು ಇಬ್ರೂ. ಫೋನ್ ಮಾಡಿ ಲೈನ್ ಬಂದ್ ಮಾಡಿಸಿನ ಫಕ್ಕೀರಪ್ಪ ಕಂಬಾ ಹತ್ತಿದ. ಇವರು ಕೆಳಗ ನಿಂತಿದ್ರು. ಊರಾಗ ಯಾರೋ ಕರೆಂಟ್ ಇಲ್ಲಂತ ಜನರೇಟರ್ ಹಚ್ಯಾರ. ಅದರ ಕರೆಂಟ್ ತಂತಿಗೆ ವಾಪಸ್ ಬಂತಂತ. ಇವರು ಕೆಳಗ ನಿಂತ ಮ್ಯಾಲ ನೋಡ್ಕೊಂತ ಮಾತಾಡಾಕತ್ತಿದ್ರು. ಏನೋ ಕೇಳಿದ್ರಂತ, ಅವ ಉತ್ತರಾ ಕೊಡಲಿಲ್ಲ. ನಕ್ಕೊಂತ ಇನ್ನೊಮ್ಮೆ ಕೇಳಿದ್ರಂತ."

ಒಳಗೆ ಮೊಸಳೆ ಗರ್ಜಿಸಿತು.

"ಒಂದ ಕೂಗ ಇಲ್ಲ, ಒಂದ ಆವಾಜ ಇಲ್ಲ ಅಂತ ಹೇಳತಿದ್ರು. ಒಮ್ಮೆನ ಹೇಳಿದ್ದು. ಆಮ್ಯಾಲ ಆ ಮಾತ ತಗೀಲಿಲ್ಲ. ಮನಿಗೆ ಬಂದ ಮ್ಯಾಲ ಊಟ ಹೋಗಲಿಲ್ಲ ಅವರಿಗೆ. ತುತ್ತ ಬಾಯಾಗ ಇಟ್ಕೊಂಡ ಹಂಗ ಕುಂತಿರತಿದ್ರು. ಐತವಾರ ಟಿವಿ ಹಚ್ಚಿದ್ರು. ಈ ಮಸಳಿ ಬಂತು. ನಾ ಒಲಿ ಮುಂದ ಇದ್ನಿ, ಒಮ್ಮಿಂದೊಮ್ಮೆ ನಗೂದ ಕೇಳಿಸ್ತು. ನನಗ ಮೈಯಾಗ ಉರಿ ಎದ್ದಂಗಾತು. ಗೆಳ್ಯಾನ ಮಣ್ಣ ಮಾಡಿ ಬಂದ ವಾರ ಆಗಿಲ್ಲ, ನಗತಾನಲ್ಲಾ ಈ ಮನಿಷಾ ಅಂತ. ಅವತ್ತಿಂದ ನಾ ಅವರ ಬಾಜು ಕುಂತ ಟಿವಿ ನೋಡಲಿಲ್ಲ."

ದೊಡ್ಡಪ್ಪ ನೆಲ ನೋಡುತ್ತಿದ್ದ.

"ಆದ್ರ ನಕ್ಕ ಮ್ಯಾಲ ಅವರು ಒಳಗ ಬಂದು, ಒಂದ ರೊಟ್ಟಿ ಕೊಡ ಅಂದ್ರು. ಕೊಟ್ಟೆ. ಉಂಡ್ರು. ಅಲ್ಲಿಂದ ಹಂಗ ಆತು. ಮಳ್ಯಾಗ ಕಂಬಾ ಹತ್ತಿ ಬಂದ ದಿನ ಅದ ಪಿಕ್ಚರ್ ಹಚ್ಚತಿದ್ರು. ಕೇಬಲ್‌ನ್ಯಾಗ ಬರೂದ ಬಂದ್ ಆದ ಮ್ಯಾಲ ಪೆನ್‌ಡ್ರೈವ್‌ನ್ಯಾಗ ಹಾಕಿಸಿಕೊಂಡ ಬಂದ್ರು. ಬೂಟ ಕಂಡು ನಗೂತನಾ ಅವರ ಗಂಟಲದಾಗ ತುತ್ತ ಇಳೀತಿದ್ದಿಲ್ರಿ ಭಾವಾರ. ಅದಕ್ಕ ಹೇಳಿದ್ದು. ಪಿಕ್ಚರ್ ಇಲ್ಲದ ಎಡಿ ಇಟ್ರ ಅವರು ಹಂಗ ಎದ್ದ ಹೊಕ್ಕಾರ. ಉಣ್ಣಂಗಿಲ್ಲ."

ಹೀಗಿತ್ತು ವಿಷಯ. ನಾವೆಲ್ಲ ಇದನ್ನು ಕಾಕುವಿನ ಒಂದು ಹಟ ಅಂದುಕೊಂಡಿದ್ದೆವು. ಗಂಡನ ಹೊಟ್ಟೆ ತುಂಬುವ ಪ್ರಶ್ನೆ ಅವಳದು.

ಇಂಥ ಸಿನಿಮಾಗಳ ಮೇಲೆ ಜನರಿಗೇಕೆ ಪ್ರೀತಿ ಎಂದು ದೊಡ್ಡ ದೊಡ್ಡ ಮಾತಿನಲ್ಲಿ ಹೇಳುವವರಿದ್ದಾರೆ. ನಾನು ಅವತ್ತು ಪಡಸಾಲೆಯಲ್ಲಿ ಕೂತು ಯೋಚಿಸಿದ್ದು ಇಷ್ಟೇ. ನಮ್ಮನ್ನು ನಿಜವಾಗಿ ಹೆದರಿಸುವ ಯಾವುದಕ್ಕೆ ಮುಖ ಇದೆ? ಕರೆಂಟಿಗೆ ಇದೆಯೇ? ರಕ್ತದಲ್ಲಿ ಏರುವ ಸಕ್ಕರೆಗೆ? ಸ್ಕ್ಯಾನ್ ರಿಪೋರ್ಟ್ ನೋಡಿ ಡಾಕ್ಟರು "ಮನೆಯವರು ಯಾರಾದ್ರೂ ಬಂದಿದಾರಾ" ಎಂದು ಕೇಳುತ್ತಾರಲ್ಲ, ಆ ಪ್ರಶ್ನೆಗೆ? ಇವು ಯಾವುವೂ ಬಾಜಾ ಬಾರಿಸಿಕೊಂಡು ಬರುವುದಿಲ್ಲ. ಬಂದು, ಚಹಾ ಕಪ್ಪು ಕೈಯಲ್ಲಿರುವಾಗಲೇ ಕೆಲಸ ಮುಗಿಸಿ ಹೋಗುತ್ತವೆ. ಬಾಜೂಕ್ಕೆ ಕೂತವರಿಗೂ ತಿಳಿಯುವುದಿಲ್ಲ.

ರಬ್ಬರಿನ ಮೊಸಳೆ ಹಾಗಲ್ಲ. ಊರಿಗೆಲ್ಲ ಕೇಳುವಂತೆ ಬರುತ್ತದೆ. ಅದಕ್ಕೆ ಹಲ್ಲಿದೆ, ಬಾಲವಿದೆ. ಓಡಿಹೋಗಲು ಟೈಮ್ ಕೊಡುತ್ತದೆ. ಅದರೊಳಗೆ ಬೆವರುತ್ತಿರುವ ಒಬ್ಬ ಮನುಷ್ಯ ಇದ್ದಾನೆ, ಅವನು ನಮ್ಮ ಹಾಗೆಯೇ ಊಟದ ಹೊತ್ತಿಗೆ ಕಾಯುತ್ತಿದ್ದಾನೆ. ಬುದ್ಧಿವಂತರು ತೆಗೆದ ಒಳ್ಳೆಯ ಭಯದ ಸಿನಿಮಾದಲ್ಲಿ ಈ ಬೂಟು ಕಾಣುವುದಿಲ್ಲ. ಅಲ್ಲಿ ಭಯ ಪರಿಪೂರ್ಣ. ಕಂಬದ ಕೆಳಗೆ ನಿಂತು ಉತ್ತರಕ್ಕಾಗಿ ಕಾದವನಿಗೆ ಪರಿಪೂರ್ಣವಾದ ಭಯ ಇನ್ನೊಂದು ಬೇಕೇ? ಅವನಿಗೆ ಬೇಕಾದದ್ದು ಕೆಟ್ಟದಾಗಿ ಹೊಲಿದ ಭಯ. ಹೊಲಿಗೆ ಬಿಟ್ಟ ಕಡೆ ಮನುಷ್ಯ ಕಾಣಬೇಕು.

ಇದನ್ನು ನಾನು ಕಾಕಾನಿಗೆ ಹೇಳಿದ್ದರೆ, "ಭಾರಿ ತಿಳಕೊಂಡೀ ಬಿಡು, ಸುಮ್ನ ಬೂಟ ನೋಡು" ಅನ್ನುತ್ತಿದ್ದ. ಅವನಿಲ್ಲದ ಸಂಕಟ ನನಗೆ ವರ್ಷದ ಮೇಲೆ, ಆ ಗೋಡೆಗೆ ಒರಗಿ ಕೂತಾಗ ಸರಿಯಾಗಿ ತಟ್ಟಿತು.

ಅಷ್ಟರಲ್ಲಿ ಒಳಗಿನ ಆವಾಜು ನಿಂತಿತು.

ಗರ್ಜನೆ ಇಲ್ಲ, ಸಂಗೀತ ಇಲ್ಲ. ಕರೆಂಟ್ ಹೋಯಿತೇ ಎಂದು ಮೇಲೆ ನೋಡಿದೆ, ಪಡಸಾಲೆಯ ಫ್ಯಾನ್ ತಿರುಗುತ್ತಿತ್ತು. ಕಾಕುವಿನ ಮುಖ ಬಿಳಿಚಿಕೊಂಡಿತು. "ಬೂಟ ಬಂದಿಲ್ಲ ಇನ್ನ," ಅಂದಳು. "ಪ್ಯಾಟಿಯೊಳಗ ಓಡೂದ ಬಂದಿಲ್ಲ."

ದೊಡ್ಡಪ್ಪ ಕೆಮ್ಮಲಿಲ್ಲ. ಕೆಮ್ಮದೆಯೇ ಎದ್ದು ಬಾಗಿಲು ದೂಡಿದ. ಅವನ ಹಿಂದೆ ನಾವು.

ಎಲೆಯ ಮೇಲಿನ ಹೋಳಿಗೆ ಹಾಗೇ ಇತ್ತು. ಊದುಬತ್ತಿ ಮುಗಿಯುತ್ತ ಬಂದಿತ್ತು. ಟಿವಿಯ ಪರದೆಯ ಮೇಲೆ ಮೊಸಳೆ ಬಾಯಿ ತೆರೆದು ನಿಂತುಬಿಟ್ಟಿತ್ತು, ಅದರ ಎದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತ್ತು. ಬಹಳ ಹೊತ್ತು ಯಾರೂ ರಿಮೋಟ್ ಮುಟ್ಟದಿದ್ದರೆ ಈ ಟಿವಿಗಳು ಕೇಳುತ್ತವಲ್ಲ, ಅದೇ ಸಾಲು.

"ಏನ್ ಬರದೈತಿ ಅದು?" ಕಾಕು ಕೇಳಿದಳು.

ಸುಮಾ ಓದಿದಳು. ತಾಯಿ ಮತ್ತೊಮ್ಮೆ ಕೇಳಿದ ಮೇಲೆ ಹೇಳಿದಳು. "ಇನ್ನೂ ನೋಡಾಕತ್ತೀರೇನು ಅಂತ ಕೇಳಾಕತ್ತೈತಿ ಬೇ."

ಕಾಕು ಎಲೆಯನ್ನು ನೋಡಿದಳು, ಪರದೆಯನ್ನು ನೋಡಿದಳು. ಸುಮಾ ರಿಮೋಟ್ ಕೈಗೆತ್ತಿಕೊಂಡಳು.

"ಹೂಂ ಅನ್ನವಾ," ಅಂದ ದೊಡ್ಡಪ್ಪ. "ನೋಡಾಕತ್ತಾನ ಅಂತ ಹೇಳು."

ಸುಮಾ ಒತ್ತಿದಳು. ಮೊಸಳೆಗೆ ಜೀವ ಬಂತು.

ದೊಡ್ಡಪ್ಪ ಹೊರಗೆ ಹೋಗಲಿಲ್ಲ. ಹಿರಿಯರು ಉಣ್ಣುವಾಗ ನೋಡಬಾರದು ಎಂದು ಜೀವಮಾನವಿಡೀ ನಮ್ಮನ್ನು ಗದರಿಸಿದವನು, ಎಡೆಯ ಬಾಜೂಕ್ಕೆ ಚಕ್ಕಳಮಕ್ಕಳ ಹಾಕಿ ಟಿವಿಗೆ ಮುಖ ಮಾಡಿ ಕೂತ. ಕಾಕು "ಭಜಿ ಆರ್ಯಾವು, ಬಿಸೀವು ಕರೀತೀನಿ" ಎಂದು ಅಡುಗೆಮನೆಗೆ ಹೋದಳು. ನಾನು ಎರಡಕ್ಕೂ ನಡುವಿನ ಬಾಗಿಲಲ್ಲಿ ನಿಂತೆ.

ಪೇಟೆಯ ಸೀನ್ ಬಂತು. ಜನ ಓಡಿದರು, ತರಕಾರಿ ಬುಟ್ಟಿಗಳು ಉರುಳಿದವು. ಮೊಸಳೆ ಕಾಲೆತ್ತಿತು. ಬಿಳಿ ಬೂಟು ಕಂಡಿತು.

ದೊಡ್ಡಪ್ಪ ನಕ್ಕ. ಅವನು ನಕ್ಕದ್ದನ್ನು ನಾನು ಹೆಚ್ಚು ಕೇಳಿಲ್ಲ. ತೊಡೆ ತಟ್ಟಿಕೊಂಡು ನಕ್ಕ, ಕಣ್ಣಲ್ಲಿ ನೀರು ಬರುತ್ತಿದ್ದರೂ ನಕ್ಕ. ಕೊನೆಗೆ ಉಸಿರು ಸಿಕ್ಕದೆ ಸಣ್ಣಗೆ ಸೀಟಿ ಹೊಡೆದಂತಾಯಿತು. ಎಷ್ಟಾದರೂ ಒಂದೇ ತಾಯಿಯ ಮಕ್ಕಳು.

ಅಡುಗೆಮನೆಯಲ್ಲಿ ಕಾಕು ಬಾಣಲೆಯ ಮುಂದೆ ಭಜಿ ಎತ್ತುವ ಜಾರೆ ಹಿಡಿದು ನಿಂತಿದ್ದಳು. ತಿರುಗಿ ನೋಡಲಿಲ್ಲ.

"ಇನ್ನ ಉಣ್ತಾರ," ಅಂದಳು.

ನಾಳೆ ನೀವು ಹಿರಿಯರ ಸಾಲಿಗೆ ಸೇರಿದರೆ ನಿಮ್ಮ ಎಡೆಯಲ್ಲಿ ಏನಿಡಬೇಕು, ನಿಮ್ಮ ಮನೆಯಲ್ಲಿ ಯಾರಿಗೆ ಗೊತ್ತಿದೆ?